ನೀಲವ್ವನ ಕೊಡದ ಲೆಕ್ಕ

ಮೂರಂತಸ್ತಿನ ಆ ಸರ್ಕಾರಿ ಕಚೇರಿಗೆ ಸಾಹೇಬರು ಬಂದು ವರ್ಷವಾಗಿತ್ತು. "ನಾ ಬಂದ ಮ್ಯಾಲೆ ಕಟ್ಟಡ ತುಂಬಿ ತುಳುಕಾಕತ್ತೈತಿ!" ಅಂತ ಮೇಲಿನವರಿಗೆ ವರದಿ ಬರೆಯುವ ಹುಮ್ಮಸ್ಸು ಅವರಿಗೆ. ಲೆಕ್ಕ ಬೇಕಲ್ಲ! ಕುಡಿಯುವ ನೀರು ತುಂಬಿಸುವ ನೀಲವ್ವನನ್ನು ಕರೆಸಿದರು.

"ದಿನಾ ಮೂರೂ ಮಹಡಿ ಹತ್ತಿ ಇಳೀತಿ. ಹೋದ ವರ್ಷ ಎಷ್ಟು ಮಂದಿ ನೌಕರರು ಇರ್ತಿದ್ರು, ಈಗ ಎಷ್ಟು? ಸಂಜೀಕ ಹೇಳು. ತಪ್ಪಿದ್ರ ಕೆಲಸ ಹೋತು!"

"ಸಂಜೀತನಕ ಯಾಕ್ರಿ? ಹೋದ ಬ್ಯಾಸಗಿಗೆ ದಿನಕ್ಕ ಹನ್ನೊಂದು ಕೊಡ ನೀರು ಹೊತ್ತೆ. ಈ ಬ್ಯಾಸಗಿಗೆ ನಾಕು. ಬಿಸಿಲು ಆಗಿನಷ್ಟ ಐತಿ, ಮಂದಿ ಇಲ್ರಿ."

ಸಾಹೇಬರು ಕೆಂಡವಾದರು. ಅವಳನ್ನೂ ಕರೆದುಕೊಂಡು ಧಡಧಡ ಮಹಡಿ ಹತ್ತಿದರು.

"ನೋಡು! ಕುರ್ಚಿಗೊಂದು ಕೋಟು! ಎಲ್ಲಾರೂ ಬಂದಾರ, ಇಲ್ಲೇ ಎಲ್ಲೋ ಹೋಗ್ಯಾರ!"

"ಖರೇರಿ. ಆದ್ರ ಕೋಟು ನೀರು ಕುಡಿಯೂದಿಲ್ಲಲ್ರಿ, ಸಾಹೇಬ್ರ."

ಸಾಹೇಬರು ಸಿಟ್ಟಿನಿಂದ ಒಂದು ಕೋಟು ಕೊಡವಿದರು. ತೋಳಿನೊಳಗಿಂದ ಮರಿಗಳ ಸಮೇತ ಜೇಡ ಇಳಿಯಿತು!

ವರದಿ ಅಲ್ಲಿಗೇ ನಿಂತಿತು. ಆದರೆ ಕೊಡದ ಲೆಕ್ಕದ ಸುದ್ದಿ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೇ ನೀಲವ್ವನ ಕೊಡದ ಮುಂದೆ ಉದ್ದನೆಯ ಸಾಲು! ಎಲ್ಲರಿಗಿಂತ ಮುಂದೆ, ಕೋಟು ತೊಟ್ಟು, ಲೋಟ ಹಿಡಿದು ನಿಂತವರು ಸಾಹೇಬರು!