ಹಗ್ಗ ಹಿಡಿದವನು

"ಅಜ್ಜಾರೆ, ಓದು ಬಿಟ್ಟುಬಿಡಲೇ?"

ಮಠದ ಜಗಲಿಯಲ್ಲಿ ಕೂತು ಶೇವಂತಿ ಗುರುಗಳನ್ನು ಕೇಳಿದಳು. ಕಾಡಂಚಿನ ಸಿದ್ದಿಯರ ಕೇರಿಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಸೊಸೆ ಅವಳು. ಎಂ.ಎ. ಕಡೆಯ ಪರೀಕ್ಷೆಗೆ ಅರ್ಜಿ ತುಂಬಲು ನಾಳೆಯೇ ಕೊನೆಯ ದಿನ. ಅರ್ಜಿ ಚೀಲದಲ್ಲಿ ಹಾಗೇ ಇತ್ತು.

"ಅಲ್ಲಿ ನನ್ನ ಮೈಬಣ್ಣ, ಗುಂಗುರು ಕೂದಲು ನೋಡಿ 'ಯಾವ ದೇಶದವಳು ನೀನು?' ಅಂತ ಕೇಳ್ತಾರೆ. 'ನಿಮ್ಮ ಪಕ್ಕದ ತಾಲೂಕಿನವಳೇ' ಅಂತ ನಗ್ತೀನಿ. ನನಗೆ ಅಂದದ್ದನ್ನ ನುಂಗಿಕೊಳ್ತೀನಿ, ಅಜ್ಜಾರೆ. ಆದರೆ ನಮ್ಮನೆಯವರು ಒಲೆ ಮುಂದೆ ಕೂತು ರೊಟ್ಟಿ ತಟ್ಟೋದು ಕಂಡು ಕೇರಿಯವರು 'ಪರಶ್ಯಾ, ಸೀರೆ ಯಾವತ್ತು ಉಡ್ತೀಯೋ?' ಅಂತಾರೆ. ಅದನ್ನ ನುಂಗಲಿಕ್ಕೆ ಆಗೋದಿಲ್ಲ."

ಗುರುಗಳು ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಹೇಳತೊಡಗಿದರು.

"ಒಂದು ಕಾಡಿನಲ್ಲಿ ಜೇನು ಕೀಳುವ ಗಂಡ ಹೆಂಡತಿ ಇದ್ದರು. ಹೆಂಡತಿಯದು ಹಗುರ ಮೈ. ಮರ ಅವಳ ಕಾಲಿಗೆ ಒಲಿದಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವಳು ಹತ್ತುವಳು, ಮೇಲಿನ ಕೊಂಬೆ ಬಳಸಿ ಬಂದ ಅದರ ಇನ್ನೊಂದು ತುದಿ ಹಿಡಿದು ಗಂಡ ಕೆಳಗೆ ನಿಲ್ಲುವನು. ಏರುವಾಗ ಸಡಿಲ ಬಿಡುವನು, ಜಾರಿದರೆ ಬಿಗಿ ಹಿಡಿಯುವನು. ವರ್ಷದ ಮೊದಲ ಜೇನು ದೇವರ ಅಭಿಷೇಕಕ್ಕೆ ಮೀಸಲು. ಆ ಜೇನಿಗೆಂದು ಹತ್ತಿದ ದಿನ, ಜೇನುಹುಟ್ಟು ಇನ್ನು ಒಂದೇ ಮಾರು ದೂರ ಎನ್ನುವಾಗ ದಾರಿಹೋಕರು ಬಂದರು.

'ಏನಪ್ಪಾ, ಹೆಂಡತಿಯನ್ನು ಮರ ಹತ್ತಿಸಿ ನೀನು ಬೇರು ಕಾಯ್ತಿದ್ದೀಯೋ? ಆ ಮೀಸೆಯನ್ನೂ ಅವಳಿಗೇ ಕೊಟ್ಟುಬಿಡು!' ಎಂದು ನಕ್ಕರು.

ಗಂಡ ಅವರತ್ತ ತಿರುಗಲಿಲ್ಲ. ಅವನ ಕಣ್ಣು ಹೆಂಡತಿಯ ಪಾದದ ಮೇಲಿತ್ತು. ಮೇಲಿದ್ದವಳು ಮಾತ್ರ ಆ ನಗುವಿನತ್ತ ತಿರುಗಿದಳು. ನನ್ನ ದೆಸೆಯಿಂದ ಇವನಿಗೆ ಈ ಮಾತು ಎಂದು ಸರಸರ ಇಳಿದು ಬಂದಳು.

ಗಂಡ ಅವಳ ಹೆಗಲಲ್ಲಿದ್ದ ಜೇನಿನ ಗಡಿಗೆಯೊಳಗೆ ಇಣುಕಿದ. ಖಾಲಿ. ಹಗ್ಗ ಉಜ್ಜಿ ಕೆಂಪಾದ ತನ್ನ ಅಂಗೈಗಳನ್ನು ನೋಡಿಕೊಂಡ.

'ಅವರ ಮಾತು ನನ್ನ ಕಿವಿಗೆ ಬಿತ್ತು ಮಾರಾಯ್ತಿ, ಕೈಗೆ ಬೀಳಲಿಲ್ಲ. ನೀನು ಯಾಕೆ ಇಳಿದೆ? ಈಗ ದೇವರ ಮುಂದೆ ಏನು ಹಿಡಿದು ನಿಲ್ಲಲಿ?' ಅಂದ."

ಗುರುಗಳು ಅಲ್ಲಿಗೆ ನಿಲ್ಲಿಸಿ ಅಂಗಳದತ್ತ ನೋಡಿದರು. ಶೇವಂತಿಯೂ ನೋಡಿದಳು. ಅವಳನ್ನು ಬೈಕಿನಲ್ಲಿ ಕರೆತಂದ ಗಂಡ ಪರಶು ಬೇವಿನ ನೆರಳಲ್ಲಿ ಮಗಳನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದ. ಆ ಗುಂಗುರು ಕೂದಲು ಅವನ ಬೆರಳಿಗೆ ನಿಲ್ಲುತ್ತಿರಲಿಲ್ಲ. ಬಿಚ್ಚಿ, ಮೂರನೆಯ ಸಲ ಮೊದಲಿನಿಂದ ಹೆಣೆಯತೊಡಗಿದ, ಏನೋ ಗುನುಗುತ್ತ.

ಗುರುಗಳು ಮೆಲ್ಲಗೆ ಕೇಳಿದರು: "ಇಳಿದು ಬಾ ಅಂತ ಅವನು ಅಂದನೇನು ತಂಗಿ, ಇಲ್ಲ ದಾರಿಹೋಕರು ಅಂದರೋ?"

ಶೇವಂತಿ ಚೀಲಕ್ಕೆ ಕೈ ಹಾಕಿ ಅರ್ಜಿ ಹೊರತೆಗೆದಳು.