ಸುವರ್ಣಾಳ ಲಾಭ

ಗದಗಿನ ನೀಲಗಂಗಾ ಮನೆಯಲ್ಲೇ ಜಂಪರು ಹೊಲಿಯುವವಳು. ವಾರಗಿತ್ತಿ ಸುವರ್ಣಾ ಕ್ರಿಪ್ಟೊದಲ್ಲಿ ಹಣ ಹಾಕಿ, ದಿನಾ ಬೆಳೆಯುವ ಲಾಭವನ್ನು ಮೊಬೈಲಿನಲ್ಲಿ ತೋರಿಸತೊಡಗಿದ ಮೇಲೆ ನೀಲಗಂಗಾಳಿಗೆ ಅನ್ನ ಸೇರಲಿಲ್ಲ. ಕೊನೆಗೆ ಹೊಟ್ಟೆಯುರಿ ತಾಳದೆ, ಸುವರ್ಣಾಳಿಂದ ಹಣ ಹಾಕಿಸಿದ್ದ 'ವಿಕ್ರಾಂತ್ ಸರ್'ಗೆ ತಾನೂ ಮೆಸೇಜು ಕಳಿಸಿದಳು.

ತಕ್ಷಣ ಉತ್ತರ ಬಂತು. "ವಾರದಲ್ಲಿ ದುಪ್ಪಟ್ಟು, ಗ್ಯಾರಂಟಿ. ಸಂಜೆಯೊಳಗೆ ಹಣ ಹಾಕಿ. ಇಲ್ಲದಿದ್ದರೆ ಜೀವನಪೂರ್ತಿ ಬಡವರಾಗಿಯೇ ಇರಿ."

ಇಷ್ಟು ಅವಸರ ಯಾಕೆ ಎಂದು ನೀಲಗಂಗಾಳಿಗೆ ಅನುಮಾನ ಬಂತು. ಅವಳು ಬರೆದಳು: "ಗ್ಯಾರಂಟಿ ಅಂದಮ್ಯಾಲೆ ನನ್ನ ಹೆಸರಲ್ಲಿ ನೀವೇ ಹಾಕಿಬಿಡ್ರಿ ಸರ್. ದುಪ್ಪಟ್ಟಾದ ಮ್ಯಾಲೆ ನಿಮ್ಮ ಅಸಲು ತಗೊಳ್ರಿ, ಲಾಭದಾಗೂ ಮುಕ್ಕಾಲು ಪಾಲು ನಿಮಗ. ಉಳಿದದ್ದು ನನಗ ಸಾಕು."

"ನಿಮಗೆ ವ್ಯವಹಾರ ಗೊತ್ತಿಲ್ಲ!" ಎಂದು ಸರ್ ರೇಗಿದರು.

"ಯಾಕ್ರಿ, ಮುಳುಗತೈತಿ ಅಂತ ಅಂಜಿಕಿ ಏನು?"

ಸರ್ ಅವಳನ್ನು ಬ್ಲಾಕ್ ಮಾಡಿದರು.

ಹಾಗಾದರೆ ಸುವರ್ಣಾಳ ಲಾಭವೂ ಬರೀ ಸುಳ್ಳು ಎಂದು ನೀಲಗಂಗಾ ಖುಷಿಯಿಂದಲೇ ಅವಳ ಮನೆಗೆ ಓಡಿದಳು. ಸುವರ್ಣಾ ಚಿನ್ನದ ಬಳೆ ಬಿಚ್ಚುತ್ತಿದ್ದಳು. "ಲಾಭ ತಗೀಬೇಕಂದ್ರ ಮೊದಲ ತೆರಿಗಿ ಕಟ್ಟಬೇಕಂತ, ಅಕ್ಕಾ. ಇವನ್ನ ಅಡ ಇಡ್ತೀನಿ."

"ಆ ಲಾಭದಾಗ ತೆರಿಗಿ ಮುರ್ಕೊಂಡು ಉಳಿದದ್ದು ಕೊಡ್ರಿ ಅಂತ ಬರಿ."

ಸುವರ್ಣಾ ಹಾಗೇ ಬರೆದಳು. ಅವಳೂ ಬ್ಲಾಕ್ ಆದಳು. ಹಾಕಿದ ಹಣ ಹೋಯಿತೆಂದು ತಿಳಿದು ಅವಳು ಗಳಗಳನೆ ಅತ್ತಾಗ, ನೀಲಗಂಗಾಳ ಖುಷಿ ಇಳಿದುಹೋಯಿತು. ಸೈಬರ್ ಪೊಲೀಸರಿಗೆ ದೂರು ಕೊಡೋಣವೆಂದು ಅವಳೇ ಕೈಹಿಡಿದು ಎಬ್ಬಿಸಿದಳು.

ಹೊರಡುವಾಗ ಸುವರ್ಣಾ ಕಣ್ಣೊರೆಸಿಕೊಂಡು ಬಳೆ ಏರಿಸಿದಳು. "ಇವಾದ್ರೂ ಉಳದ್ವು, ಅಕ್ಕಾ."

ಅವು ಅಷ್ಟು ದಪ್ಪ ಇವೆಯೆಂದು ನೀಲಗಂಗಾಳಿಗೆ ಆಗಲೇ ಕಂಡದ್ದು.

"ಯಾವಾಗ ಮಾಡಿಸಿದಿ ಇವನ್ನ?" ಎಂದಳು.