ಕಾರಿನ ಮುಂದೆ ನಿಲ್ಲುವವರು ಯಾರು?

ಗದಗಿನ ಲಾರಿ ಮಾಲೀಕ ಚನ್ನವೀರ ಸಾಹುಕಾರರ ಬಳಿ ಒಂದು ಹಳೆಯ ವಿದೇಶಿ ಕಾರು ಇತ್ತು. ಎಂಟು ಸಿಲಿಂಡರಿನ ಇಂಜಿನ್, ಕಣ್ಣು ಕುಕ್ಕುವ ಕೆಂಪು ಬಣ್ಣ. ಸ್ಟಾರ್ಟ್ ಮಾಡಿದರೆ ಮೂರು ಓಣಿಗೆ ಕೇಳಿಸುತ್ತಿತ್ತು. ಓಡಿಸುವವನು ಮಾತ್ರ ಡ್ರೈವರ್ ಹುಲಿಗೆಪ್ಪ.

ಆಯುಧ ಪೂಜೆಗೆ ಎರಡು ದಿನ ಇರುವಾಗ ಕಾರಿನಲ್ಲಿ ಒಂದು ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ಟಿನ ಕೆಳಗೆ 'ಧಡ್' ಎನ್ನುತ್ತಿತ್ತು. ಹುಲಿಗೆಪ್ಪ ಸಾಹುಕಾರರನ್ನು ಕೂರಿಸಿಕೊಂಡು ಮೀರಾಸಾಬರ ಗ್ಯಾರೇಜಿಗೆ ಹೋದ.

ಮೀರಾಸಾಬರು ಬಗ್ಗಿ ನೋಡಿದರು. "ಇಂಜಿನ್ ಕೂರೋ ಮೌಂಟಿಂಗ್ ರಬ್ಬರ್ ಸತ್ತೈತ್ರಿ. ಇಲ್ಲಿ ಸಿಗೋದು ಬರೀ ರಬ್ಬರ್. ಈ ಇಂಜಿನ್ನಿನ ಜೋರಿಗೆ ತಡಿಯೂದಿಲ್ಲ. ಮುಂಬೈಯಿಂದ ಒಳಗ ಕಬ್ಬಿಣದ ಕೊಕ್ಕಿ ಇರೋದು ತರಿಸ್ತೀನಿ. ರಬ್ಬರ್ ಹರಿದ್ರೂ ಕೊಕ್ಕಿ ಇಂಜಿನ್ನ ಬಿಡೂದಿಲ್ಲ. ನಾಕು ದಿನ ತಡೀರಿ."

"ಮೆರವಣಿಗಿ ನಾಡಿದ್ದು ಐತಿ!" ಎಂದರು ಸಾಹುಕಾರರು. "ಒಂದು ಕಬ್ಬಿಣದ ತುಂಡು ಇಟ್ಟು ಬಿಗಿದುಬಿಡು."

"ಆಗ ಇಂಜಿನ್ನಿನ ನಡುಕ ಎಲ್ಲಾ ಕಾರಿನ ಚೌಕಟ್ಟಿಗೆ, ಚಾಸಿಗೆ ಇಳೀತೈತಿ. ಚಾಸಿನೇ ಸೀಳ್ತೈತಿ."

"ಹಂಗಾರ ಇಲ್ಲಿ ಸಿಗೋದನ್ನೇ ಹಾಕು. ಬಂಪರ್ ತಿಕ್ಕಿ ತಿಕ್ಕಿ ಕನ್ನಡಿ ಆಗೇತಿ. ಕೆಳಗಿರೋದನ್ನ ಯಾವಾತ ಬಗ್ಗಿ ನೋಡ್ತಾನ?"

ಮೀರಾಸಾಬರು ಪಾನಾ ಕೆಳಗಿಟ್ಟರು. "ನಾ ಹಾಕೂದಿಲ್ಲ." ಆಮೇಲೆ ಹುಲಿಗೆಪ್ಪನ ಕಡೆ ತಿರುಗಿದರು. "ತಮ್ಮಾ, ಆ ರಬ್ಬರ್ ಹರಿದು ಇಂಜಿನ್ ಮ್ಯಾಲೆ ಎದ್ರ ಆಕ್ಸಿಲರೇಟರ್ ರಾಡನ್ನೂ ಎಳಕೊಂಡು ಏಳ್ತೈತಿ. ನೀ ಕಾಲು ತೆಗದ್ರೂ ಕಾರು ಓಡ್ತೈತಿ. ನೆನಪಿಟ್ಕೋ."

ಸಾಹುಕಾರರು ಬೇರೆ ಗ್ಯಾರೇಜಿನಲ್ಲಿ ಆ ಬರೀ ರಬ್ಬರನ್ನೇ ಹಾಕಿಸಿದರು.

ಪೂಜೆಯ ಬೆಳಿಗ್ಗೆ ಕಾರು ಚೆಂಡುಹೂವಿನಲ್ಲಿ ಮುಳುಗಿತ್ತು. ಮುಂದೆ ಡೊಳ್ಳಿನವರು. ಅವರ ಮುಂದೆ ಬಣ್ಣದ ಬಟ್ಟೆ ತೊಟ್ಟ ನಲವತ್ತು ಮಕ್ಕಳು. ಸಾಹುಕಾರರು ಹಿಂದಿನ ಸೀಟಿನಲ್ಲಿ ಕುಳಿತು, "ನಡೀಲೇ" ಎಂದರು.

ಹುಲಿಗೆಪ್ಪನಿಗೆ ಆ ಮಕ್ಕಳ ಬೆನ್ನುಗಳು ಕಾಣುತ್ತಿದ್ದವು. ಅವನು ಕೀಲಿ ತಿರುಗಿಸಲಿಲ್ಲ. ಹೊರಟರೆ ಏನಾದೀತೋ. ಹೊರಡದಿದ್ದರೆ ಕೆಲಸ ಹೋಗುವುದು ಖಂಡಿತ.

"ಹೆದರಿಕಿ ಏನಲೇ? ಹಂಗಿದ್ರ ಕೀಲಿ ಇಟ್ಟು ಮನೀಗೆ ನಡಿ. ಡ್ರೈವರುಗಳಿಗೇನು ಬರ ಇಲ್ಲ."

ಹುಲಿಗೆಪ್ಪ ಕೆಳಗಿಳಿದ. ಎಲ್ಲರಿಗೂ ಕೇಳುವಂತೆ ಹೇಳಿದ, "ಸಾಹುಕಾರ್ರ, ಮಕ್ಕಳನ್ನೂ ಡೊಳ್ಳಿನವರನ್ನೂ ಪಕ್ಕಕ್ಕ ಸರಿಸ್ತೀನಿ. ಅವರ ಜಾಗದಾಗ ನೀವು ನಿಲ್ರಿ. ನಾ ಗೇರ್ ಹಾಕಿ ಒಂದ್ಸಲ ಜೋರಾಗಿ ಒತ್ತಿ ನೋಡ್ತೀನಿ. ಏನೂ ಆಗದಿದ್ರ ಮೆರವಣಿಗಿ ಹೊರಡ್ಲಿ."

"ನಾ ಯಾಕ ನಿಲ್ಲಲಿ?"

ಡೊಳ್ಳಿನ ಮುದುಕ ನಕ್ಕ. "ನಾವು ಆಗಿನಿಂದ ನಿಂತೇವ್ರಿ ಸಾಹುಕಾರ್ರ. ನೀವೂ ಬರ್ರಿ, ಜಾಗ ಐತಿ!"

ಜನ ನಕ್ಕರು. ಸಾಹುಕಾರರು ಇಳಿದರು. ಕಾರಿನ ಮುಂಭಾಗದ ತನಕ ಬಂದರು. ಅಲ್ಲಿಗೆ ಕಾಲು ನಿಂತುಬಿಟ್ಟಿತು. ಬಂಪರಿನಲ್ಲಿ ಅವರ ಮುಖವೇ ಕಾಣುತ್ತಿತ್ತು. ಅವರು ಮೆಲ್ಲಗೆ ಪಕ್ಕಕ್ಕೆ ಸರಿದರು.

"ಬಾನೆಟ್ ತೆಗಿ" ಎಂದರು.

ಬಾನೆಟ್ ಎತ್ತುವಾಗ ಅದರ ಮೇಲಿನ ಹೂವಿನ ಹಾರ ಹರಿಯಿತು. ಹುಲಿಗೆಪ್ಪ ಎಲ್ಲರನ್ನೂ ದೂರ ಕಳಿಸಿದ. ಗಾಲಿಗಳ ಮುಂದೆ ದಪ್ಪ ಕಲ್ಲು ಇಡಿಸಿದ. ಒಳಗೆ ಕೂತು ಸ್ಟಾರ್ಟ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಕ್ಲಚ್ಚನ್ನು ಅರ್ಧ ಬಿಟ್ಟು ಆಕ್ಸಿಲರೇಟರ್ ಒತ್ತಿದ.

ಧಡ್!

ಹೊಸ ರಬ್ಬರ್ ಹರಿಯಿತು. ಇಂಜಿನ್ ಒಂದು ಪಕ್ಕಕ್ಕೆ ಗೇಣುದ್ದ ಮೇಲೆದ್ದಿತು. ಹುಲಿಗೆಪ್ಪ ಕಾಲು ತೆಗೆದ. ಇಂಜಿನ್ ಇನ್ನೂ ಜೋರಾಗಿ ಅರಚಿತು. ಕಾರು ಕಲ್ಲುಗಳನ್ನು ಕೆರೆಯುತ್ತ ಒಂದು ಅಡಿ ಮುಂದೆ ನುಗ್ಗಿತು. ಅವನು ಕೀಲಿ ತಿರುಗಿಸಿದ. ಸದ್ದು ನಿಂತಿತು.

ಮಕ್ಕಳು ನಿಂತಿದ್ದ ಜಾಗ ಖಾಲಿ ಇತ್ತು. ಸಾಹುಕಾರರು ಆ ಜಾಗವನ್ನೇ ನೋಡುತ್ತಿದ್ದರು.

"ಮುಂಬೈಗೆ ಫೋನ್ ಮಾಡಾಕ ಮೀರಾಸಾಬಗ ಹೇಳು" ಎಂದರು. ದನಿ ಬಹಳ ಸಣ್ಣದಾಗಿತ್ತು.

ಆ ದಿನದ ಮೆರವಣಿಗೆಯಲ್ಲಿ ಎಲ್ಲರೂ ನಡೆದೇ ಹೋದರು. ಸಾಹುಕಾರರೂ ನಡೆದರು.

ನೀತಿ: ಭಾರ ಹೊರುವುದು ಕೆಳಗೆ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಕಳಪೆ ಹಾಕಿ ಮೇಲೆ ಹೂವು ಮುಡಿಸುವವರು ಎಲ್ಲ ಊರಲ್ಲೂ ಇದ್ದಾರೆ. "ಏನೂ ಆಗುವುದಿಲ್ಲ" ಎಂದು ಅವರು ಹೇಳಿದಾಗ ವಾದ ಮಾಡಬೇಡಿ. ಅವರಿಗೇ ಮುಂದೆ ನಿಲ್ಲಲು ಹೇಳಿ. ಅವರು ನಿಲ್ಲದ ಜಾಗದಲ್ಲಿ ನಿಮ್ಮ ಮಕ್ಕಳನ್ನು ನಿಲ್ಲಿಸಬೇಡಿ.